ಅಂಕಕ್ಕೊಂದು ಲೇಖನ, ಲೇಖನಕ್ಕೊಂದು ರೇಟು

ಸುಳ್ಳು ಹೇಳಿದವನು ತಪ್ಪಿತಸ್ಥನೋ, ಸುಳ್ಳು ಹೇಳದೆ ಅನ್ನ ಹುಟ್ಟದ ಹಾಗೆ ಮಾಡಿಟ್ಟವನು ತಪ್ಪಿತಸ್ಥನೋ? ಈ ಪ್ರಶ್ನೆ ನಮ್ಮ ಕೇರಿಗಳಿಗೆ ಹೊಸದಲ್ಲ. ಬರಗಾಲದಲ್ಲಿ ಗೌಡರ ಹೊಲದ ರಾಗಿ ತೆನೆ ಮುರಿದವನನ್ನು ಚಾವಡಿ ಕಂಬಕ್ಕೆ ಕಟ್ಟಿದ ಕಾಲದಿಂದಲೂ ಇದನ್ನು ಕೇಳಿಕೊಂಡೇ ಬಂದಿದ್ದೇವೆ. ಈಗ ಅದೇ ಪ್ರಶ್ನೆ ನಾವು ಎಣಿಸದ ಜಾಗದಲ್ಲಿ ಎದ್ದು ನಿಂತಿದೆ: ವಿದ್ವಾಂಸರ ಪತ್ರಿಕೆಗಳಲ್ಲಿ, ಪಿಎಚ್.ಡಿ. ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರ ಮೊಬೈಲುಗಳಲ್ಲಿ.

ಗುಬ್ಬಿಯಿಂದ ರೈಲಿಗೋ, ಕುಣಿಗಲ್ಲಿನಿಂದ ಬಸ್ಸಿಗೋ ದಿನಾ ತುಮಕೂರಿಗೆ ಬಂದು ಹೋಗುವ ಸಂಶೋಧನಾ ವಿದ್ಯಾರ್ಥಿಗಳನ್ನು, ಅತಿಥಿ ಉಪನ್ಯಾಸಕರನ್ನು ಕೇಳಿ ನೋಡಿ. ಅವರ ಫೋನಿಗೆ ಬರುವ ಸಂದೇಶಗಳು ಹೆಚ್ಚು ಕಡಿಮೆ ಒಂದೇ ಥರ. ಅಂತರರಾಷ್ಟ್ರೀಯ ಪತ್ರಿಕೆಯಂತೆ, ಐಎಸ್‌ಎಸ್‌ಎನ್ ಇದೆಯಂತೆ, ಇಂಪ್ಯಾಕ್ಟ್ ಫ್ಯಾಕ್ಟರ್ ಇದೆಯಂತೆ, ಯಾವ ವಿಷಯವಾದರೂ ಸರಿಯಂತೆ, ಎರಡು ದಿನದಲ್ಲಿ ಪ್ರಕಟಣೆಯಂತೆ, ಜೊತೆಗೆ ಬಣ್ಣದ ಸರ್ಟಿಫಿಕೇಟಂತೆ. ಕೊನೆಗೆ ಹಣ ಹಾಕಬೇಕಾದ ನಂಬರು. ವಚನ ಸಾಹಿತ್ಯ, ರೇಷ್ಮೆ ಹುಳು, ಬ್ಯಾಂಕು, ಬುದ್ಧ ಎಲ್ಲರೂ ಒಂದೇ ಸಂಚಿಕೆಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂತಿರುತ್ತಾರೆ. (ಸಹಪಂಕ್ತಿ ಭೋಜನ ಅಂತ ಸಂತೋಷಪಡುವ ಹಾಗೂ ಇಲ್ಲ.) ಅಚ್ಚಿಗೆ ಮೊದಲು ಇದನ್ನೆಲ್ಲ ಓದಿದವರು ಯಾರು ಅಂತ ಹುಡುಕಿದರೆ ಡಿಟಿಪಿ ಅಂಗಡಿಯ ಹುಡುಗ ಒಬ್ಬನೇ ಸಿಗುತ್ತಾನೆ. ಈ ಇಡೀ ವ್ಯವಹಾರದಲ್ಲಿ ನ್ಯಾಯವಾಗಿ ದುಡಿದ ಕಾಸು ಅಂದರೆ ಅವನ ಕೂಲಿ.

ಹಳ್ಳಿ ಮೇಷ್ಟ್ರುಗಳಿಗೆ, ಹೋರಾಟದ ಗೆಳೆಯರಿಗೆ ಒಂದು ವಿಚಾರ ಬಿಡಿಸಿ ಹೇಳಬೇಕು. ವಿದ್ವತ್ ಪತ್ರಿಕೆ ಅಂದರೆ ಬರೀ ಕಷ್ಟದ ಭಾಷೆಯ ಪತ್ರಿಕೆ ಅಲ್ಲ. ಅದು ಓದುಗನಿಗೆ ಒಂದು ಮಾತು ಕೊಟ್ಟಿರುತ್ತದೆ. ಇಲ್ಲಿ ಅಚ್ಚಾಗಿರುವುದನ್ನು ಆ ವಿಷಯ ಬಲ್ಲ, ಬರೆದವನಿಗೆ ನೆಂಟರೂ ಅಲ್ಲದ ಹಗೆಗಳೂ ಅಲ್ಲದ ಒಬ್ಬಿಬ್ಬರು ಮೊದಲೇ ಓದಿದ್ದಾರೆ, ಸಂಶಯ ಬಂದ ಕಡೆ ಪ್ರಶ್ನೆ ಕೇಳಿದ್ದಾರೆ, ತಿದ್ದಿಸಿದ್ದಾರೆ, ಆಗದೇ ಇದ್ದರೆ ವಾಪಸ್ ಕಳಿಸಿದ್ದಾರೆ ಎಂಬ ಮಾತು. ಇದನ್ನೇ ಪೀರ್ ರಿವ್ಯೂ ಅನ್ನುವುದು. ಪಠ್ಯಪುಸ್ತಕ ಬರೆಯುವವರು, ಆಯೋಗದವರು, ಅಧಿಕಾರಿಗಳು ಆ ಮಾತನ್ನು ನಂಬಿಯೇ ಅಲ್ಲಿಂದ ಅಂಕಿ ಅಂಶ ಎತ್ತಿಕೊಳ್ಳುತ್ತಾರೆ. ಐಎಸ್‌ಎಸ್‌ಎನ್ ಎಂಬ ಎಂಟಂಕಿಯ ಸಂಖ್ಯೆಗೂ ಈ ಮಾತಿಗೂ ಸಂಬಂಧವೇ ಇಲ್ಲ. ಅದು ಮನೆ ನಂಬರ್ ಇದ್ದ ಹಾಗೆ. ಮನೆ ಯಾವುದು ಅಂತ ತಿಳಿಯುತ್ತದೆ, ಒಳಗಿರುವವರ ಯೋಗ್ಯತೆ ತಿಳಿಯುವುದಿಲ್ಲ. ದೆಹಲಿಯ ಕೇಂದ್ರದಿಂದ ಅದು ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕ ನಂಬರನ್ನು ಯೋಗ್ಯತೆಯ ಮುದ್ರೆ ಅಂತ ನಮ್ಮ ಮಕ್ಕಳಿಗೆ ಮಾರುತ್ತಿದ್ದಾರಲ್ಲ, ಅದನ್ನು ವ್ಯಾಪಾರ ಅನ್ನುವುದಕ್ಕೂ ಬಾಯಿ ಬರುವುದಿಲ್ಲ.

ಈ ಸಂತೆ ತಾನಾಗಿ ಕೂಡಲಿಲ್ಲ, ಕೂಡಿಸಿದವರಿದ್ದಾರೆ. ಪ್ರಬಂಧ ಸಲ್ಲಿಸುವ ಮೊದಲು ಪಿಎಚ್.ಡಿ. ವಿದ್ಯಾರ್ಥಿಯ ಒಂದು ಲೇಖನವಾದರೂ ಪರಿಶೀಲಿತ ಪತ್ರಿಕೆಯಲ್ಲಿ ಬಂದಿರಬೇಕು ಎಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. 2010ರಲ್ಲಿ ಅಧ್ಯಾಪಕರ ನೇಮಕ ಬಡ್ತಿಗಳಿಗೆ ಎಪಿಐ ಎಂಬ ಅಂಕದ ಲೆಕ್ಕ ತಂದಿತು. 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಹೆಸರು ಆರಿಸುವಾಗ ಒಂದು ಲೇಖನಕ್ಕೆ 2 ಅಂಕ. ಲೇಖನದಲ್ಲಿ ಏನಿದೆ ಎಂದು ಓದುವ ಕೆಲಸವನ್ನು ಆಯ್ಕೆ ಸಮಿತಿಯ ತಲೆಯಿಂದ ಇಳಿಸಿ, ಎಷ್ಟಿವೆ ಎಂದು ಎಣಿಸುವ ಕೆಲಸವನ್ನು ಗುಮಾಸ್ತರಿಗೆ ವಹಿಸಿದ ಹಾಗಾಯಿತು. ಎಣಿಕೆಗೆ ಬೆಲೆ ಬಂದ ಮೇಲೆ ಎಣಿಸುವುದಕ್ಕೆ ಬೇಕಾದ ಸರಕು ತಯಾರಿಸುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ?

ಆಮೇಲೆ ಕಳಪೆ ತಡೆಯುತ್ತೇವೆ ಅಂತ ಪಟ್ಟಿ ಮಾಡಲು ಹೊರಟರು. 2017ರಲ್ಲಿ ಬಂದ ಅಧಿಕೃತ ಪಟ್ಟಿಯಲ್ಲಿ 38 ಸಾವಿರಕ್ಕೂ ಮೀರಿದ ಪತ್ರಿಕೆಗಳು. ವಿಶ್ವವಿದ್ಯಾನಿಲಯಗಳೇ ಶಿಫಾರಸು ಮಾಡಿ ಸೇರಿಸಿದ್ದ ಭಾಗದಿಂದ ಸಾವಿರ ಪತ್ರಿಕೆಗಳನ್ನು ಆರಿಸಿ ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಒಂದೊಂದಾಗಿ ಪರೀಕ್ಷಿಸಿದರು. ಅವರ ವರದಿ 2018ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ನೂರಕ್ಕೆ 88 ಕಳಪೆ. ಕೆಲವಕ್ಕೆ ವಿಳಾಸವೇ ಇಲ್ಲ, ಕೆಲವಕ್ಕೆ ಸಂಪಾದಕರೇ ಇಲ್ಲ, ಕೆಲವು ಹಾಕಿಕೊಂಡಿದ್ದ ನಂಬರೇ ಸುಳ್ಳು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. 2019ರಲ್ಲಿ ಕೇರ್ ಲಿಸ್ಟ್ ಅಂತ ಇನ್ನೊಂದು ಪಟ್ಟಿ ಬಂತು, 2025ರಲ್ಲಿ ಅದೂ ಹೋಯಿತು. ಇನ್ನು ಆಯಾ ಸಂಸ್ಥೆಗಳೇ ನೋಡಿಕೊಳ್ಳಬೇಕಂತೆ. ಪಿಎಚ್.ಡಿ.ಗೆ ಲೇಖನ ಕಡ್ಡಾಯ ಎಂಬುದನ್ನೂ 2022ರಲ್ಲಿ ಕೈಬಿಟ್ಟರು. ಕೆಲಸಕ್ಕೆ ಅರ್ಜಿ ಹಾಕುವಾಗಿನ ಅಂಕ ಮಾತ್ರ ಉಳಿಯಿತು. ಈ ಹದಿನಾರು ವರ್ಷದ ಆಟದಲ್ಲಿ ಜೇಬು ಖಾಲಿ ಮಾಡಿಕೊಂಡವರಿಗೆ ಹಣ ವಾಪಸ್ ಕೊಟ್ಟವರು ಯಾರೂ ಇಲ್ಲ.

2004ರಲ್ಲಿ ತುಮಕೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದಾಗ ನಮ್ಮ ಜಿಲ್ಲೆಯ ಮೊದಲ ತಲೆಮಾರಿನ ಓದುಗರಿಗೆ ಬೆಂಗಳೂರಿಗೆ ಅಲೆಯುವುದು ತಪ್ಪಿತು. ಕೂಲಿ ಮಾಡುವ ತಾಯಂದಿರ ಮಕ್ಕಳು ಡಾಕ್ಟರೇಟ್ ಅನ್ನುವ ಮಾತನ್ನು ಮನೆಯೊಳಗೆ ಆಡುವ ಹಾಗಾಯಿತು. ಹಾಗಾಗಿ ಈ ವಿಚಾರ ಎತ್ತಿದಾಗೆಲ್ಲ ನಮ್ಮ ಗೆಳೆಯರಲ್ಲೇ ಕೆಲವರು ಸಿಟ್ಟಾಗುತ್ತಾರೆ. "ಮೇಲುಜಾತಿಯವರು ಐವತ್ತು ವರ್ಷ ಮಾವ ಭಾವಮೈದುನ ಅಂತ ಒಬ್ಬರ ಲೇಖನ ಒಬ್ಬರು ಅಚ್ಚು ಹಾಕಿಕೊಂಡರು, ಆಗ ಯಾರಿಗೂ ನೀತಿ ನೆನಪಾಗಲಿಲ್ಲ. ನಮ್ಮ ಹುಡುಗ ಸ್ಕಾಲರ್‌ಶಿಪ್ಪಿನಲ್ಲಿ ಒಂದೂವರೆ ಸಾವಿರ ಕೊಟ್ಟು ಒಂದು ಲೇಖನ ಹಾಕಿಸಿದರೆ ಪಾಪವಾಯಿತೇ?" ಅನ್ನುತ್ತಾರೆ.

ಈ ಮಾತಿನಲ್ಲಿ ನಿಜವಿದೆ. ಸಂಬಂಧದ ಬಲದಿಂದ ಅಚ್ಚಾಗುವುದಕ್ಕೂ ದುಡ್ಡಿನ ಬಲದಿಂದ ಅಚ್ಚಾಗುವುದಕ್ಕೂ ನೀತಿಯ ದೃಷ್ಟಿಯಿಂದ ಏನು ಅಂತರ? ಮೊದಲನೆಯದಕ್ಕೆ ರಸೀದಿ ಇರುವುದಿಲ್ಲ, ಅಷ್ಟೇ. ಈ ಕಳಪೆ ಸಂತೆಯನ್ನು ತೋರಿಸಿ ಮೀಸಲಾತಿಯವರಿಂದ ವಿದ್ಯೆ ಕೆಟ್ಟಿತು ಅನ್ನುವವರಿಗೂ ಒಂದು ಮಾತು: ಆ ಅಂಕದ ನಿಯಮ ಮಾಡಿದವರು ನಾವಲ್ಲ, ಆ ಪತ್ರಿಕೆಗಳನ್ನು ಶಿಫಾರಸು ಮಾಡಿದ ಸಮಿತಿಗಳಲ್ಲಿ ತುಂಬಿಕೊಂಡಿದ್ದವರೂ ನಾವಲ್ಲ. ಹೆದರಿಕೆಯಿಂದ ಹಣ ಕೊಟ್ಟವನದು, ಹೆದರಿಸಿ ಹಣ ಕಿತ್ತವನದು, ಹೆದರಿಕೆ ಹುಟ್ಟಿಸಿದ ನಿಯಮದ್ದು ಮೂರೂ ಒಂದೇ ತೂಕದ ತಪ್ಪು ಅಲ್ಲ. ತೂಗುವುದಾದರೆ ನಿಯಮದ ತಟ್ಟೆಯೇ ನೆಲ ಮುಟ್ಟುತ್ತದೆ.

ಆದರೂ ನಮ್ಮವನು ಅಂತ ಬಿಟ್ಟುಬಿಡುವುದಕ್ಕೆ ನಾವು ತಯಾರಿಲ್ಲ. ಕಾರಣ ಹೇಳಬೇಕಾದರೆ ಬಾಬಾಸಾಹೇಬರ ಎರಡು ಬರಹಗಳ ಹತ್ತಿರ ಹೋಗಬೇಕು.

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಇಪ್ಪತ್ತೈದರ ಹರೆಯದ ಅಂಬೇಡ್ಕರರು ಭಾರತದ ಜಾತಿಗಳ ಮೇಲೆ ಒಂದು ಪ್ರಬಂಧ ಓದಿದರು. ಮರುವರ್ಷ, 1917ರ ಮೇ ತಿಂಗಳಲ್ಲಿ, ಅದು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾಯಿತು. ಶಾಸನ, ನಾಣ್ಯ, ಪುರಾತನ ಗ್ರಂಥಗಳ ಮೇಲೆ ದೊಡ್ಡ ದೊಡ್ಡ ಪಂಡಿತರು ಬರೆಯುತ್ತಿದ್ದ ಪತ್ರಿಕೆ ಅದು. ಅಲ್ಲಿ ಅವರು ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಎಂದು ಒಬ್ಬೊಬ್ಬರನ್ನೂ ಹೆಸರು ಹಿಡಿದು ನಿಲ್ಲಿಸಿ, ನೀವು ಹೇಳಿದ್ದರಲ್ಲಿ ಇಷ್ಟು ಸರಿ, ಇಷ್ಟು ಸರಿಯಿಲ್ಲ ಎಂದು ತರ್ಕ ಮಾಡುತ್ತಾರೆ. ತಾನು ಮುಟ್ಟಿಸಿಕೊಳ್ಳದ ಜಾತಿಯವನು, ಆದ್ದರಿಂದ ನನ್ನ ಮಾತು ನಂಬಿ ಎಂದು ಒಂದು ಕಡೆಯೂ ರಿಯಾಯಿತಿ ಕೇಳುವುದಿಲ್ಲ.

ಇನ್ನೊಂದು 1936ರದು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅಧ್ಯಕ್ಷ ಭಾಷಣಕ್ಕೆ ಕರೆದರು, ಬರೆದದ್ದನ್ನು ನೋಡಿ ಬೆಚ್ಚಿದರು, ಕೆಲವು ಭಾಗ ತೆಗೆಯಿರಿ ಎಂದರು. ಒಂದು ಅಲ್ಪವಿರಾಮವನ್ನೂ ಬದಲಿಸಲಾರೆ ಎಂದು ಅಂಬೇಡ್ಕರರು ಉತ್ತರ ಬರೆದರು. ಸಮ್ಮೇಳನ ರದ್ದಾಯಿತು. ಅವರು ಅದನ್ನು ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಮಂಡಲದವರ ಜೊತೆ ನಡೆದ ಪತ್ರಗಳನ್ನೂ ಪುಸ್ತಕದ ಮುಂದೆಯೇ ಸೇರಿಸಿದರು.

ಸ್ವಂತ ಹಣ ಹಾಕಿ ಅಚ್ಚು ಮಾಡಿಸುವುದು ಅವಮಾನವಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಎಪ್ಪತ್ತರ ದಶಕದಲ್ಲಿ 'ಪಂಚಮ', 'ಶೂದ್ರ', 'ಸಂಕ್ರಮಣ'ದಂಥ ಪತ್ರಿಕೆಗಳು ಗೆಳೆಯರ ಚಂದಾ ಹಣದಲ್ಲೇ ಉಸಿರಾಡಿದವು. ಆದರೆ ಅವು ಯಾವ ಮುಖವಾಡವನ್ನೂ ಹಾಕಿಕೊಂಡಿರಲಿಲ್ಲ. ಇದು ನಮ್ಮ ಸಿಟ್ಟು, ಇದು ನಮ್ಮ ನಂಬಿಕೆ, ಒಪ್ಪುವವರು ಒಪ್ಪಿ, ಬಯ್ಯುವವರು ಬಯ್ಯಿರಿ ಅಂತ ಎದುರಿಗೇ ನಿಂತಿದ್ದವು. ಕಾಸು ತಗೊಂಡು, ಓದದೆ, ಓದಿ ಪರಿಶೀಲಿಸಿದೆವು ಅಂತ ಸರ್ಟಿಫಿಕೇಟ್ ಕೊಡುವವನು ಮಾಡುವ ಕೆಲಸವೇ ಬೇರೆ. ಅವನು ಸಾಕ್ಷಿ ಹೇಳುವುದಕ್ಕೆ ದುಡ್ಡು ಇಸಕೊಂಡವನು. ಕೋರ್ಟಿನಲ್ಲಿ ಅಂಥವನಿಗೆ ಏನನ್ನುತ್ತಾರೋ ಇಲ್ಲೂ ಅದನ್ನೇ ಅನ್ನಬೇಕು. (ವಿಚಿತ್ರ ನೋಡಿ: 'ಪಂಚಮ' ಪತ್ರಿಕೆಯ ಬಗ್ಗೆ ಇವತ್ತು ಒಂದು ಪೇಪರ್ ಬರೆದರೆ 2 ಅಂಕ ಸಿಗಬಹುದು. ಅಂಥ ಪತ್ರಿಕೆಯಲ್ಲಿ ಬರೆದರೆ ಸೊನ್ನೆ.)

ಈಗ ಮುಖ್ಯ ಮಾತಿಗೆ ಬರೋಣ. ಸುಳ್ಳು ಲೇಖನದಿಂದ ಯಾರಿಗೆ ನಷ್ಟ? ಹಣ ಕೊಟ್ಟವನಿಗೆ ಕೆಲಸ ಸಿಕ್ಕರೂ ಸಿಕ್ಕೀತು. ಪತ್ರಿಕೆಯವನಿಗೆ ಲಾಭ. ವಿಶ್ವವಿದ್ಯಾನಿಲಯದ ಲೆಕ್ಕದಲ್ಲೂ ಒಂದು ಸಂಖ್ಯೆ ಏರಿತು. ಕೆಟ್ಟುಹೋಗುವುದು ಲೇಖನದೊಳಗೆ ಇರುವವರ ಗತಿ. ನಮ್ಮ ಜಿಲ್ಲೆಯ ಸಂಶೋಧನೆಯಲ್ಲಿ ಹೆಚ್ಚಿನ ಪಾಲು ಯಾರ ಮೇಲೆ ನಡೆಯುತ್ತದೆ ನೋಡಿ: ತಮಟೆಯವರು, ಜೋಗಿಗಳು, ಬೀಡಿ ಕಟ್ಟುವವರು, ಗೊಲ್ಲರಹಟ್ಟಿಯ ಹೆಂಗಸರು, ಊರೂರು ಅಲೆಯುವ ಜನ. ನಮ್ಮ ಅಜ್ಜಿ, ನಮ್ಮ ಚಿಕ್ಕಪ್ಪ, ನಮ್ಮ ಓಣಿ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಕೂಸು ತೀರಿಹೋಯಿತು. ಮಳೆಗಾಲ, ಚಳಿ. ಆಮೇಲೆ ಅಧಿಕಾರಿಗಳು ಬಂದರು, ನ್ಯಾಯಾಧೀಶರು ಬಂದರು, ಪತ್ರಿಕೆಯವರು ಬಂದರು. ಇಂಥ ಹಟ್ಟಿಗಳು ಗುಬ್ಬಿ ಕಡೆಯೂ ಇವೆ. ಈಗ ಒಬ್ಬ ಸಂಶೋಧಕ ಹಟ್ಟಿಗೆ ಕಾಲಿಡದೆ, ರೂಮಿನಲ್ಲೇ ಕೂತು ನೂರು ಪ್ರಶ್ನಾವಳಿ ತಾನೇ ತುಂಬಿ, ಶೇಕಡಾ ಇಷ್ಟು ಕುಟುಂಬಗಳು ಈ ಪದ್ಧತಿ ಬಿಟ್ಟಿವೆ ಅಂತ ಬರೆದ ಅಂದುಕೊಳ್ಳಿ. ಎರಡು ದಿನದಲ್ಲಿ ಅದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು ಅಂದುಕೊಳ್ಳಿ. ಅದನ್ನು ನೋಡಿದ ಅಧಿಕಾರಿ, ಸಮಸ್ಯೆ ಕಡಿಮೆಯಾಗಿದೆ ಅಂತ ಟಿಪ್ಪಣಿ ಬರೆಯುತ್ತಾನೆ. ಅಂಗನವಾಡಿ ಕಾರ್ಯಕರ್ತೆ ಆ ಕಡೆ ಹೋಗುವುದು ಎರಡು ಸಲದ ಬದಲು ಒಂದು ಸಲ ಆಗುತ್ತದೆ. ಗುಡಿಸಲಿನಲ್ಲಿ ಮಲಗಿರುವವಳಿಗೆ ತನ್ನ ಮೇಲೆ ಒಂದು ಲೇಖನ ಬಂದದ್ದೇ ಗೊತ್ತಿರುವುದಿಲ್ಲ. ಬಡವನ ಮಗ ಬರೆದ ಅನ್ನುವ ಕಾರಣಕ್ಕೆ ಆ ಸುಳ್ಳು ಅವಳಿಗೆ ಕಡಿಮೆ ಚಳಿ ಕೊಡುತ್ತದೆಯೇ? ನಮ್ಮ ಗೆಳೆಯರ ಸಿಟ್ಟಿಗೆ ನಮ್ಮ ಉತ್ತರ ಇದು. ಹಣ ಕೊಟ್ಟ ತಪ್ಪಿಗೆ ಬಡತನದ ನೆಪ ನಡೆದೀತು, ಮನ್ನಿಸೋಣ. ಹೋಗದ ಹಟ್ಟಿಗೆ ಹೋದೆ ಅಂದದ್ದಕ್ಕೆ, ಕೇಳದವಳ ಬಾಯಲ್ಲಿ ಉತ್ತರ ತುರುಕಿದ್ದಕ್ಕೆ ಯಾವ ಜಾತಿಯವನಿಗೂ ಮನ್ನಣೆ ಇಲ್ಲ.

ಇನ್ನೊಂದು ಬಗೆಯ ಕಳ್ಳತನ ಇದೆ, ಅದು ಕಳ್ಳತನ ಅಂತ ಯಾವ ನಿಯಮದಲ್ಲೂ ಬರೆದಿಲ್ಲ. ಕುಣಿಗಲ್ ಕೆರೆಯ ಹಾಡನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಕೇಳದೆ ಬೆಳೆದ ಮಕ್ಕಳು ನಮ್ಮ ಕಡೆ ಇಲ್ಲ. ಹಾಡಿಗೆ ಜನಪದ ಅಂತ ಒಂದು ಚೀಟಿ ಅಂಟಿಸಿದರೆ ಮುಗಿಯಿತು. ಅದನ್ನು ಯಾವ ಗದ್ದೆಯ ಯಾವ ನಾಟಿಯವಳ ಬಾಯಿಂದ ಯಾರು ಬರೆದುಕೊಂಡರು, ಆಕೆಯ ಕೇರಿ ಯಾವುದು, ಆ ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿಗೆ ಆ ಹಾಡಿನಲ್ಲಿ ಪಾಲು ಇತ್ತೇ ಎಂದು ಕೇಳುವ ಸಂಪಾದಕರು ಎಷ್ಟು ಮಂದಿ? ಹಾಡಿದವಳು 'ವಕ್ತೃ' ಆಗುತ್ತಾಳೆ, ಕೊನೆಗೆ 'ಮಾಹಿತಿದಾರರು' ಎಂಬ ಗುಂಪಿನೊಳಗೆ ಮಾಯವಾಗುತ್ತಾಳೆ. ಟೇಪ್ ರೆಕಾರ್ಡರ್ ಹಿಡಿದವನು ಲೇಖಕನಾಗುತ್ತಾನೆ. ಗುಬ್ಬಿ ಕಂಪನಿಯ ಮೇಲೆ ನಾವು ಓದಿದ ಎಷ್ಟೋ ಲೇಖನಗಳೂ ಹೀಗೆಯೇ. 1884ರಲ್ಲಿ ಶುರುವಾಯಿತು, ವೀರಣ್ಣನವರು ಬೆಳೆಸಿದರು, 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆ ರಂಗಕ್ಕೆ ಬಂದವು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅದೇ ಸಾಲುಗಳು. ಆ ಆನೆಯ ಮುಂದೆ ನಡೆದವನು ಯಾರು, ಪರದೆಯ ಹಗ್ಗ ಎಳೆದವನು ಯಾವ ಜಾತಿಯವನು, ಡೇರೆಯ ಒಳಗೆ ನಮ್ಮವರು ಎಲ್ಲಿ ಕೂರುತ್ತಿದ್ದರು ಎಂದು ಊರಿಗೆ ಹೋಗಿ ವಿಚಾರಿಸಿದ ಲೇಖನ ನಮ್ಮ ಕೈಗೆ ಸಿಕ್ಕಿಲ್ಲ.

2018ರ ಯುಜಿಸಿ ನಿಯಮದ ಪ್ರಕಾರ ನೂರಕ್ಕೆ 10ರ ತನಕ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಅಳೆಯುವುದಕ್ಕೆ ಕಂಪ್ಯೂಟರ್. ಅಚ್ಚಾಗಿ ಕಂಪ್ಯೂಟರಿಗೆ ಏರಿದ್ದನ್ನು ಕದ್ದರೆ ಅದು ಹಿಡಿಯುತ್ತದೆ. ಹಳೆಯ ಕನ್ನಡ ಪುಸ್ತಕದಿಂದ ಇಳಿಸಿಕೊಂಡರೆ, ಇಂಗ್ಲಿಷಿನಿಂದ ಸದ್ದಿಲ್ಲದೆ ಕನ್ನಡಕ್ಕೆ ತಂದರೆ ತಪ್ಪಿಸಿಕೊಳ್ಳುವುದು ಸುಲಭ. ಮುದುಕಿಯೊಬ್ಬಳ ಬಾಯಿಂದ ಕದ್ದದ್ದನ್ನಂತೂ ಹಿಡಿಯುವ ಯಂತ್ರ ಹುಟ್ಟಿಲ್ಲ. ಈಗ ಎಐ ಬಂದು ಲೇಖನವನ್ನೇ ಬರೆದುಕೊಡುತ್ತಿದೆ. ಓದದವರಿಗಾಗಿ ಬರೆಯದವರು ಅಚ್ಚು ಮಾಡಿಸುವ ಕಾಲ.

ಅನುಭವ ಕೊಡುವವರು ಒಂದು ಕಡೆ, ಅದಕ್ಕೆ ಸಿದ್ಧಾಂತ ಕಟ್ಟಿ ಹೆಸರು ಪಡೆಯುವವರು ಇನ್ನೊಂದು ಕಡೆ ಎಂಬ ಈ ವರ್ಣಾಶ್ರಮವನ್ನು ಗೋಪಾಲ್ ಗುರು 2002ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬಯಲಿಗೆಳೆದರು. ಬೆಂಗಳೂರಿನ ಸುಂದರ್ ಸರುಕ್ಕೈ ಅದಕ್ಕೆ ಪ್ರತಿಯಾಗಿ ವಾದ ಹೂಡಿದರು. ಇಬ್ಬರ ಚರ್ಚೆ 2012ರಲ್ಲಿ ಪುಸ್ತಕವೇ ಆಯಿತು. ವಿದ್ವತ್ ಪತ್ರಿಕೆ ಮಾಡಬೇಕಾದ ಕೆಲಸ ಇಂಥದು. ಕನ್ನಡದಲ್ಲಿ ಇದಕ್ಕೆ ಒಂದು ತೊಡಕೂ ಇದೆ. ಬರೆದವರ ಹೆಸರು ಮುಚ್ಚಿ ಪರಿಶೀಲನೆಗೆ ಕಳಿಸುವುದು ಪದ್ಧತಿ. ನಮ್ಮ ಲೋಕ ಎಷ್ಟು ಚಿಕ್ಕದು ಅಂದರೆ, ವಿಷಯ ನೋಡಿದ ಕೂಡಲೇ ಇದು ಯಾವ ಗೈಡಿನ ವಿದ್ಯಾರ್ಥಿ, ಯಾವ ಕಡೆಯವನು, ಯಾವ ಜಾತಿ ಎಂದು ಪರಿಶೀಲಕನಿಗೆ ವಾಸನೆ ಹತ್ತುತ್ತದೆ. ಹೆಸರು ಮುಚ್ಚಿದರೂ ಕೇರಿ ಕಾಣುತ್ತದೆ. ಹಾಗಾಗಿ ಪರಿಶೀಲಕ ಏನು ಬರೆದ, ಯಾಕೆ ಬೇಡವೆಂದ ಎಂಬುದನ್ನು ಬರೆದವನಿಗೆ ಪೂರ್ತಿಯಾಗಿ ತಲುಪಿಸುವುದು ಸಂಪಾದಕನ ಹೊಣೆ. ಕಾರಣ ಹೇಳದೆ ವಾಪಸ್ ಕಳಿಸುವುದು ಬಾವಿಯ ಹತ್ತಿರ ನಿಲ್ಲಿಸಿ ಕಾಯಿಸಿದ ಹಾಗೆ. ಗೈಡುಗಳ ವಿಚಾರ ಚುಟುಕಾಗಿ: ಒಂದು ಸಾಲೂ ಬರೆಯದೆ ವಿದ್ಯಾರ್ಥಿಯ ಲೇಖನಕ್ಕೆ ಮೊದಲ ಹೆಸರು ಹಾಕಿಸಿಕೊಳ್ಳುವುದು ಬಿಟ್ಟಿ ದುಡಿಸಿಕೊಳ್ಳುವುದೇ. ಜೀತ ಪದ್ಧತಿ 1976ರ ಕಾನೂನಿನಲ್ಲೇ ರದ್ದಾಗಿದೆ.

ಹಣದ ಕಡೆಯಿಂದ ದೊಡ್ಡವರೂ ಸಾಚಾ ಏನಲ್ಲ. ಸುಳ್ಳು ಪರಿಶೀಲನೆಯ ಆಸೆ ತೋರಿಸಿ ಬರಹಗಾರರಿಗೆ ಮೋಸ ಮಾಡಿದ್ದಕ್ಕೆ ಹೈದರಾಬಾದಿನ ಓಮಿಕ್ಸ್ ಕಂಪನಿಗೆ 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮೀರಿದ ದಂಡ ಹಾಕಿತು. ಮರ್ಯಾದಸ್ಥ ವಿದೇಶಿ ಪ್ರಕಾಶಕರು ಲೇಖಕರಿಗೆ ಕಾಸು ಕೊಡುವುದಿಲ್ಲ, ಪರಿಶೀಲಕರಿಗೂ ಕೊಡುವುದಿಲ್ಲ, ಓದುವವರಿಂದ ಮಾತ್ರ ಭಾರಿ ಬೆಲೆ ಕೀಳುತ್ತಾರೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ಒಪ್ಪಿಕೊಂಡಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಒಳ್ಳೆಯದೇ. ಆದರೆ ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯ ಮೇಷ್ಟ್ರು ಆ ಬಾಗಿಲಿನ ಹೊರಗೇ. ತನ್ನ ಊರಿನ ಮೇಲೆ ಬರೆದ ಲೇಖನವನ್ನು ಆ ಊರಿನವನೇ ದುಡ್ಡು ಕೊಟ್ಟು ಓದಬೇಕು, ಅದೂ ಇಂಗ್ಲಿಷಿನಲ್ಲಿ.

ಇದರಲ್ಲಿ ನಮ್ಮ ಕೈಗೆ ಎಟಕುವುದು ಸ್ವಲ್ಪ. ಎಟಕುವಷ್ಟನ್ನು ಮಾಡಿಕೊಂಡಿದ್ದೇವೆ. ನಮ್ಮ ಪತ್ರಿಕೆಗೆ ಬರೆಯುವವರಿಂದ ಹಣ ಪಡೆಯುವುದಿಲ್ಲ. ಯಾರಿಂದ ಎಷ್ಟು ಚಂದಾ ಬಂತು ಎಂದು ವರ್ಷಕ್ಕೊಮ್ಮೆ ಅಚ್ಚು ಹಾಕುತ್ತೇವೆ. ಯಾವ ಹಳ್ಳಿಗೆ, ಯಾವ ತಿಂಗಳು, ಎಷ್ಟು ದಿನ ಹೋಗಿದ್ದಿರಿ ಎಂದು ಕೇಳುತ್ತೇವೆ, ಹೇಳದಿದ್ದರೆ ಹಾಕುವುದಿಲ್ಲ. ಲೇಖನ ಬಂದ ಮೇಲೆ ಎರಡು ಪ್ರತಿ ಮಾಹಿತಿ ಕೊಟ್ಟವರ ಮನೆಗೆ ಹೋಗಬೇಕು, ಅಂಚೆಯಲ್ಲಾದರೂ ಸರಿ, ಕೈಯಲ್ಲಾದರೂ ಸರಿ. ತುಮಕೂರಿನ ವಿದ್ಯಾರ್ಥಿ ಸಂಘಟನೆಗಳು ಪಟ್ಟಿಗಳ ಹಿಂದೆ ಓಡುವುದನ್ನು ಬಿಟ್ಟು, ಆಯ್ಕೆ ಸಮಿತಿಯವರು ಅಭ್ಯರ್ಥಿಯ ಒಂದೇ ಒಂದು ಲೇಖನ ಓದಿ ಬಂದು ಅದರ ಮೇಲೇ ಪ್ರಶ್ನೆ ಕೇಳಲಿ ಎಂದು ಒತ್ತಾಯಿಸಬೇಕು. ಕಡಿಮೆ ಖರ್ಚಿನ ಬೇಡಿಕೆ ಇದು. ಆದ್ದರಿಂದಲೇ ಕಷ್ಟವಾದದ್ದೂ ಹೌದು, ಯಾಕೆಂದರೆ ಅವರು ಓದಬೇಕಾಗುತ್ತದೆ.

ಮಾಹಿತಿ ಕೊಟ್ಟವರ ಹೆಸರು ಹಾಕುವ ವಿಚಾರದಲ್ಲಿ ಮಾತ್ರ ನಮ್ಮೊಳಗೇ ಒಮ್ಮತವಿಲ್ಲ. ಎಂ.ಎನ್. ಶ್ರೀನಿವಾಸರು ತಾವು ಅಧ್ಯಯನ ಮಾಡಿದ ಮೈಸೂರು ಸೀಮೆಯ ಹಳ್ಳಿಯ ನಿಜ ಹೆಸರು ಮುಚ್ಚಿ 'ರಾಮಪುರ' ಎಂದು ಕರೆದರು. ಜನರ ಮರ್ಯಾದೆ ಕಾಯುವುದಕ್ಕೆ ಅದು ಬೇಕು ಎಂದು ಒಂದು ವಾದ. ಕುಣಿಗಲ್ಲಿನ ಗೆಳೆಯರು ಒಪ್ಪುವುದಿಲ್ಲ. "ಸಾವಿರ ವರ್ಷ ನಮ್ಮ ಹೆಸರು ಮುಚ್ಚಿಯೇ ಇಟ್ಟಿದ್ದಾರೆ, ಹಾಡಿದವಳ ಹೆಸರು ದಪ್ಪಕ್ಷರದಲ್ಲಿ ಬರಲಿ" ಅನ್ನುತ್ತಾರೆ. ಗುಬ್ಬಿಯ ಶಿಕ್ಷಕಿಯರು ಕೇಳುವುದು ಬೇರೆ: "ಹಾಡಿದವಳದು ಸರಿ. ಗುಡಿಸಲಿನಲ್ಲಿ ಕೂತು ಗಂಡನ ಮನೆಯವರ ಮೇಲೆ ದೂರು ಹೇಳಿಕೊಂಡವಳ ಹೆಸರು ಹಾಕಿದರೆ ಅವಳು ನಾಳೆ ಅದೇ ಹಟ್ಟಿಯಲ್ಲಿ ಬಾಳಬೇಡವಾ?" ಎರಡನ್ನೂ ತಳ್ಳಿಹಾಕುವ ಹಾಗಿಲ್ಲ. ಸದ್ಯಕ್ಕೆ ಮಾಡಿಕೊಂಡಿರುವುದು ಇಷ್ಟು. ಅಚ್ಚಿಗೆ ಕೊಡುವ ಮೊದಲು ಬರೆದವರು ವಾಪಸ್ ಹೋಗಿ ಲೇಖನವನ್ನು ಆಕೆಗೆ ಓದಿ ಹೇಳಬೇಕು. ಹೆಸರು ಇರಬೇಕೋ ಬೇಡವೋ, ಯಾವ ಮಾತು ತೆಗೆಯಬೇಕೋ, ಆಕೆ ಹೇಳಿದ ಹಾಗೆ. ಇದಕ್ಕಾಗಿ ಎರಡು ಲೇಖನ ಈ ಸಂಚಿಕೆಯಿಂದ ಹಿಂದೆ ಉಳಿದಿವೆ. ಒಂದು ಗುಬ್ಬಿ ಕಡೆಯದು, ಒಂದು ಕುಣಿಗಲ್ ಕಡೆಯದು. ಬರೆದವರು ಸುಗ್ಗಿ ಮುಗಿದ ಮೇಲೆ ಹೋಗಿ ಬರುತ್ತೇವೆ ಎಂದಿದ್ದಾರೆ.